ದುರಸ್ತಿಯಲ್ಲಿರುವ ಖೋಲಿ

ಮನುಷ್ಯರಲ್ಲಿ ಎರಡು ಬಗೆ. ತಮ್ಮ ಮನೆಯ ಹಾಸಿಗೆಯಲ್ಲಲ್ಲದೆ ಬೇರೆಲ್ಲಿಯೂ ಕಣ್ಣು ಮುಚ್ಚದವರು ಒಂದು ಬಗೆ. ಮನೆ ಬಿಟ್ಟು ಎಲ್ಲಿಗೇ ಹೋಗಲಿ, ತಲೆ ದಿಂಬಿಗೆ ತಾಕಿದ ಕೂಡಲೆ ಗೊರಕೆ ಹೊಡೆಯುವವರು ಇನ್ನೊಂದು ಬಗೆ. ನಾನು ಎರಡನೆಯ ಬಗೆಗೆ ಸೇರಿದವನೆಂದು ನನ್ನ ಮನೆಯವರ ದೂರು. ದೂರು ಸುಳ್ಳಲ್ಲ. ಮೂವತ್ತನಾಲ್ಕು ವರ್ಷ ಇತಿಹಾಸದ ಅಧ್ಯಾಪಕನಾಗಿ, ಶಾಸನಗಳ ಬೆನ್ನು ಹತ್ತಿ, ಪರೀಕ್ಷಕನಾಗಿ, ವಿಚಾರ ಸಂಕಿರಣಗಳಲ್ಲಿ ಮೂರನೆಯ ದಿನದ ಮಧ್ಯಾಹ್ನ, ಎಲ್ಲರೂ ರೈಲಿನ ವೇಳೆ ನೋಡಿಕೊಳ್ಳುವ ಹೊತ್ತಿನಲ್ಲಿ ಪ್ರಬಂಧ ಓದುವವನಾಗಿ, ನಾನು ಈ ದೇಶದ ಎಷ್ಟೋ ವಿದ್ಯಾಸಂಸ್ಥೆಗಳ ಅತಿಥಿಗೃಹಗಳಲ್ಲಿ ಮಲಗಿ ಎದ್ದಿದ್ದೇನೆ. ಆ ಸಂಸ್ಥೆಗಳಿಂದ ನಾನು ಕಲಿತದ್ದು ಎಷ್ಟೋ ಏನೋ. ಅವುಗಳ ಅತಿಥಿಗೃಹಗಳ ವಿಷಯದಲ್ಲಿ ಮಾತ್ರ ಅಧಿಕಾರದಿಂದ ನಾಲ್ಕು ಮಾತು ಹೇಳಬಲ್ಲೆನೆಂಬ ಧೈರ್ಯ ನನಗಿದೆ.

ಹೋಟೆಲಿಗೂ ಅತಿಥಿಗೃಹಕ್ಕೂ ಏನು ವ್ಯತ್ಯಾಸವೆಂದು ಕೇಳುವವರುಂಟು. ಹೋಟೆಲಿನಲ್ಲಿ ನೀವು ದುಡ್ಡು ಕೊಡುತ್ತೀರಿ, ಆದ್ದರಿಂದ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ನೆಂಟರ ಮನೆಯಲ್ಲಿ ದುಡ್ಡು ಕೊಡುವುದಿಲ್ಲ, ಆದ್ದರಿಂದ ಎಲ್ಲರೂ ಎಲ್ಲವನ್ನೂ ಕೇಳುತ್ತಾರೆ. ಅತಿಥಿಗೃಹ ಇವೆರಡರ ನಡುವಿನದು. ಅಲ್ಲಿ ಸ್ವಲ್ಪ ದುಡ್ಡು ಕೊಡಬೇಕು, ಮತ್ತು ಒಂದು ದಪ್ಪ ಪುಸ್ತಕದಲ್ಲಿ ಬಂದ ವೇಳೆ, ಹೋಗುವ ವೇಳೆ, ಬಂದ ಉದ್ದೇಶ ಇವನ್ನೆಲ್ಲ ಬರೆಯಬೇಕು. ‘ಬಂದ ಉದ್ದೇಶ’ ಎಂಬ ಅಂಕಣದಲ್ಲಿ ನನಗಿಂತ ಮೊದಲು ಬಂದವರೆಲ್ಲ ಏನು ಬರೆದಿದ್ದಾರೆಂದು ನೋಡುವುದು ನನ್ನ ಹಳೆಯ ಚಟ. ನೂರಕ್ಕೆ ತೊಂಬತ್ತು ಜನ ‘ಕೆಲಸ’ ಎಂದು ಬರೆದಿರುತ್ತಾರೆ. ಒಬ್ಬ ಮಹಾಶಯರು ‘ಮೇಲಿನಂತೆ’ ಎಂದು ಬರೆದಿದ್ದರು. ಮೇಲಿನ ಸಾಲಿನಲ್ಲಿ ಇದ್ದದ್ದು ಅವರ ಹೆಂಡತಿಯ ಹೆಸರು.

ಕೆಲವು ಲಕ್ಷಣಗಳು ಎಲ್ಲ ಅತಿಥಿಗೃಹಗಳಿಗೂ ಸಮಾನ. ಹಾಸಿಗೆ ಎರಡು, ದಿಂಬು ಒಂದು. ಬೀಗದ ಕೈಗೆ ಕಟ್ಟಿದ ಕಟ್ಟಿಗೆಯ ತುಂಡು, ಕಳುವಾಗಬಾರದೆಂದು, ಕಿಸೆಯಲ್ಲಿ ಹಿಡಿಸದಷ್ಟು ದೊಡ್ಡದು. ಗೋಡೆಯಲ್ಲಿ ಎಂಟು ಗುಂಡಿಗಳಿದ್ದರೆ ಪಂಖ ತಿರುಗುವುದು ಏಳನೆಯದಕ್ಕೆ. ಅದನ್ನು ಕಂಡುಹಿಡಿಯುವಷ್ಟರಲ್ಲಿ ಹೊರಗಿನ ಪಡಸಾಲೆಯ ದೀಪ ಆರು ಸಲ ಹತ್ತಿ ಆರಿರುತ್ತದೆ. ಬೆಳಗಿನ ಚಹಾ ಆರೂವರೆಗೆ ಎಂದು ಬರೆದಲ್ಲಿ ಏಳೂವರೆಗೆ ಬರುತ್ತದೆ. ಏನೂ ಬರೆಯದಲ್ಲಿ ಐದಕ್ಕೇ ಬಾಗಿಲು ಬಡಿಯುತ್ತಾರೆ. ಇವೆಲ್ಲ ಸಣ್ಣ ಮಾತು. ಇದರಿಂದ ಯಾವ ಅತಿಥಿಗೃಹವೂ ದೊಡ್ಡದಾಗುವುದಿಲ್ಲ, ಚಿಕ್ಕದೂ ಆಗುವುದಿಲ್ಲ.

ಹಾಗಾದರೆ ಯಾವುದರಿಂದ ಆಗುತ್ತದೆ? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ.

ಸಿಮ್ಲಾದಲ್ಲಿ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯಿದೆ. ೧೮೮೮ರಲ್ಲಿ ವೈಸರಾಯರ ವಾಸಕ್ಕೆಂದು ಕಟ್ಟಿ ಮುಗಿಸಿದ ಅರಮನೆ ಅದು. ೧೯೪೫ರಲ್ಲಿ ನಮ್ಮ ನಾಯಕರು ವೇವೆಲ್ ಸಾಹೇಬರ ಕರೆಯ ಮೇರೆಗೆ ಕೂಡಿ, ಒಂದು ನಿರ್ಣಯಕ್ಕೂ ಬಾರದೆ ಎದ್ದುಹೋದದ್ದು ಅಲ್ಲಿಯೇ. ರಾಧಾಕೃಷ್ಣನ್ ಅವರು ರಾಷ್ಟ್ರಪತಿಗಳಾಗಿದ್ದಾಗ ಅದನ್ನು ವಿದ್ವಾಂಸರಿಗೆ ಬಿಟ್ಟುಕೊಟ್ಟರು. ೧೯೬೫ರಲ್ಲಿ ಸಂಸ್ಥೆ ಅಲ್ಲಿ ಆರಂಭವಾಯಿತು. ಎರೆಹೊಲದಲ್ಲಿ ಹುಟ್ಟಿ, ಬೇಸಿಗೆಯ ಉರಿಯಲ್ಲಿ ಬೆಳೆದ ನನ್ನಂಥವನು ದೇವದಾರು ಮರಗಳ ನಡುವೆ ಮೂರು ರಜಾಯಿ ಹೊದ್ದು ಮಲಗಿದಾಗ, ‘ಎಲ್ಲಿಯ ವೈಸರಾಯ, ಎಲ್ಲಿಯ ನಾನು’ ಎಂದು ಒಂದಿಷ್ಟು ಹಿಗ್ಗಿದ್ದು ನಿಜ. ಆದರೆ ಆ ಮನೆಯಲ್ಲಿ ನನಗೊಂದು ಸಂಕೋಚ ಕೊನೆಯವರೆಗೂ ಬಿಡಲಿಲ್ಲ. ಬೇರೆ ಯಾರಿಗಾಗಿಯೋ ಹಾಸಿದ ಹಾಸಿಗೆಯಲ್ಲಿ ಅವರಿಲ್ಲದ ಹೊತ್ತು ನೋಡಿ ಮಲಗಿದಂತೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು ಇನ್ನೊಂದು ರೀತಿ. ೧೯೦೯ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಆವರಣದಲ್ಲಿ ಮರಗಳೇ ಮೊದಲ ಪ್ರಾಧ್ಯಾಪಕರು. ಅಲ್ಲಿಯ ಅತಿಥಿಗೃಹಗಳಲ್ಲಿ ಒಂದರ ಹೆಸರು ಹೊಯ್ಸಳ ಹೌಸ್. ಚಾಲುಕ್ಯರ ಕಡೆಯ ಅರಸು ನಾಲ್ಕನೆಯ ಸೋಮೇಶ್ವರ ನಮ್ಮ ಅಣ್ಣಿಗೇರಿಯಲ್ಲಿ ಕುಳಿತು ಆಳಿದವನು. ಅವನ ರಾಜ್ಯವನ್ನು ಹಂಚಿಕೊಂಡವರಲ್ಲಿ ಹೊಯ್ಸಳರೂ ಒಬ್ಬರು. ಅಣ್ಣಿಗೇರಿಯ ಪಕ್ಕದ ಹಳ್ಳಿಯವನು ಹೊಯ್ಸಳರ ಹೆಸರಿನ ಮನೆಯಲ್ಲಿ ತಂಗುವುದೆಂದರೆ ಎಂಟು ನೂರು ವರ್ಷದ ಹಗೆಯನ್ನು ಒಂದು ರಾತ್ರಿಯಲ್ಲಿ ತೀರಿಸಿದಂತೆ ಎಂದು ಜತೆಯವರೊಡನೆ ನಗೆಯಾಡಿದ್ದೆ. ಅಲ್ಲಿ ಯಾರೂ ಯಾರನ್ನೂ ಮಾತನಾಡಿಸುವುದಿಲ್ಲ. ಎಲ್ಲರ ತಲೆಯಲ್ಲೂ ಒಂದೊಂದು ಲೆಕ್ಕ ಓಡುತ್ತಿರುತ್ತದೆ. ಆ ಮೌನವೂ ಒಂದು ಬಗೆಯ ಮರ್ಯಾದೆಯೇ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ೧೯೯೧ರಲ್ಲಿ ಹುಟ್ಟಿದ್ದು. ಅಲ್ಲಿ ಬೆಳಗಾಗ ಎದ್ದು ಹೊರಗೆ ಬಂದರೆ ಬಂಡೆಗಳು ಕಾಣುತ್ತವೆ. ಸ್ನಾನ, ಚಹಾ ಎಲ್ಲ ಮರೆತು ನಿಲ್ಲುವಂತಾಗುತ್ತದೆ. ಅಲ್ಲಿ ಅತಿಥಿಯನ್ನು ಕಾಣುವುದು ಆ ಬಂಡೆಗಳೇ ಎಂದು ನನ್ನ ಭಾವನೆ.

ಇನ್ನು ನಮ್ಮ ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯವೇ ತನ್ನ ಬಾಳನ್ನು ಅತಿಥಿಯಾಗಿ ಆರಂಭಿಸಿತೆಂಬುದನ್ನು ಬಹಳ ಜನ ಮರೆತಿದ್ದಾರೆ. ೧೯೪೯ರಲ್ಲಿ ಅದು ಸ್ಥಾಪನೆಯಾದದ್ದು ಮುಂಬಯಿಯಲ್ಲಿ. ಧಾರವಾಡಕ್ಕೆ ಬಂದದ್ದು ಮರುವರ್ಷ. ಐ.ಐ.ಟಿ.ಯ ಕಥೆಯೂ ಅದೇ. ೨೦೧೬ರಲ್ಲಿ ಅದು ಧಾರವಾಡಕ್ಕೆ ಬಂದಾಗ ಇಳಿದುಕೊಂಡದ್ದು ‘ವಾಲ್ಮಿ’ಯಲ್ಲಿ, ಅಂದರೆ ನಮ್ಮ ರೈತರಿಗೆ ನೀರು ಹಾಯಿಸುವ ವಿದ್ಯೆ ಕಲಿಸುವ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯ ಆವರಣದಲ್ಲಿ. ಚಿಕ್ಕಮಲ್ಲಿಗವಾಡದ ಬಳಿಯ ಸ್ವಂತ ಆವರಣದ ಉದ್ಘಾಟನೆಯಾದದ್ದು ೨೦೨೩ರ ಮಾರ್ಚಿನಲ್ಲಿ. ಇಷ್ಟು ದೊಡ್ಡ ಸಂಸ್ಥೆಗಳೂ ಮೊದಲು ಯಾರದೋ ಮನೆಯ ಪಡಸಾಲೆಯಲ್ಲಿ ಗಂಟು ಇಳಿಸಿದವೇ ಎಂದು ನೆನೆದಾಗ ನನಗೆ ಸಮಾಧಾನವಾಗುತ್ತದೆ.

ಹಾಗೆ ನೋಡಿದರೆ ನಮ್ಮ ಜಿಲ್ಲೆಯ ಬಲು ದೊಡ್ಡ ವಿದ್ಯಾಸಂಸ್ಥೆಗೆ ಅತಿಥಿಗೃಹ, ವಸತಿಗೃಹ, ಪಾಠಶಾಲೆ ಎಂಬ ಭೇದವೇ ಇರಲಿಲ್ಲ. ನಾನು ಹೇಳುತ್ತಿರುವುದು ಕುಂದಗೋಳದ ಮಾತು. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಆ ಊರಿನಲ್ಲಿ ನಾಡಿಗೇರ ವಾಡೆಯೆಂದು ಒಂದಿದೆ. ದೊಡ್ಡ ಬಾಗಿಲು, ಕಟ್ಟಿಗೆಯ ಕಂಬಗಳು, ಹತ್ತು ಜನ ಬಂದರೂ ನೂರು ಜನ ಬಂದರೂ ತುಂಬಿಯೂ ತುಂಬದಂತಿರುವ ಅಂಗಳ. ಸಂಗೀತಗಾರರು ಬಂದರೆ ಇಳಿಯುತ್ತಿದ್ದುದು ಅಲ್ಲಿ, ಉಣ್ಣುತ್ತಿದ್ದುದು ಅಲ್ಲಿ, ಹಾಡುತ್ತಿದ್ದುದೂ ಅಲ್ಲಿ. ಸವಾಯಿ ಗಂಧರ್ವರು ಆ ಊರಿನವರು. ೧೯೩೬ರಲ್ಲಿ ಗದುಗಿನ ಹುಡುಗ ಭೀಮಸೇನ ಜೋಶಿ ಅವರಲ್ಲಿಗೆ ಬಂದು ಗುರುಗಳ ಮನೆಯಲ್ಲಿ ನಿಂತ. ನೀರು ಹೊತ್ತ, ಮನೆಗೆಲಸ ಮಾಡಿದ, ಹಾಡು ಕಲಿತ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಕಲಿತು ಹಿಂತಿರುಗುತ್ತಿದ್ದರು. ಅಲ್ಲಿ ‘ಬಂದ ಉದ್ದೇಶ’ ಬರೆಯುವ ಪುಸ್ತಕವಿರಲಿಲ್ಲ. ಬಾಯಿ ತೆರೆದು ‘ಸಾ’ ಹಚ್ಚಿದರೆ ಉದ್ದೇಶ ತಿಳಿಯುತ್ತಿತ್ತು.

ಇದು ನಮ್ಮಲ್ಲಿ ಹೊಸದೇನೂ ಅಲ್ಲ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ೧೧೬೨ರ ಶಾಸನವೊಂದಿದೆ. ಅಲ್ಲಿಯ ಕೋಡಿಯಮಠವನ್ನು ಅದು ಬಣ್ಣಿಸುವ ರೀತಿಯನ್ನು ನಾನು ತರಗತಿಯಲ್ಲಿ ಪ್ರತಿವರ್ಷ ಪಾಠ ಹೇಳಿದವನು. ಅದು ವೇದಗಳನ್ನೂ ಹಲವು ಬಗೆಯ ವ್ಯಾಕರಣಗಳನ್ನೂ ದರ್ಶನಗಳನ್ನೂ ಓದುವ ಸ್ಥಾನ. ಅದೇ ಉಸಿರಿನಲ್ಲಿ, ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಇಕ್ಕುವ ಸ್ಥಾನ. ಹಾಡುವವರಿಗೆ, ಬಾರಿಸುವವರಿಗೆ, ಕುಣಿಯುವವರಿಗೆ, ನಾನಾ ಮತದ ಭಿಕ್ಷುಗಳಿಗೆ ಊಟವಿಡುವ ಸ್ಥಾನ. ರೋಗಿಗಳಿಗೆ ಮದ್ದು ಕೊಡುವ ಸ್ಥಾನ. ಹೆದರಿ ಬಂದ ಜೀವಕ್ಕೆ ಅಭಯ ಕೊಡುವ ಸ್ಥಾನ. ಓದು ಮತ್ತು ಅನ್ನ ಎರಡನ್ನೂ ಒಂದೇ ಸೂರಿನಡಿ ಇಟ್ಟವರು ನಮ್ಮ ಹಿರಿಯರು. ‘ಯಾರ ಪತ್ರ ತಂದಿದ್ದೀರಿ?’ ಎಂಬ ಪ್ರಶ್ನೆ ಆ ಶಾಸನದಲ್ಲಿ ಎಲ್ಲಿಯೂ ಇಲ್ಲ. ಇದನ್ನು ನಾನು ವಿದ್ಯಾರ್ಥಿಗಳಿಗೆ ಬಹಳ ರಂಗೇರಿಸಿ ಹೇಳುತ್ತಿದ್ದೆ. ಹೇಳುವುದು ಸುಲಭ. ಆ ಮಾತಿಗೆ ಆಮೇಲೆ ಬರುತ್ತೇನೆ.

ಅತಿಥಿಗೃಹಗಳನ್ನು ಅಳೆಯುವ ಕೋಲು ನನಗೆ ಸಿಕ್ಕಿದ್ದು ಪುಣೆಯಲ್ಲಿ. ಅಲ್ಲಿ ೧೯೧೭ರಲ್ಲಿ ಸ್ಥಾಪನೆಯಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ ಇದೆ. ದೇಶದ ಮೂಲೆಮೂಲೆಯ ಹಸ್ತಪ್ರತಿಗಳನ್ನು ಒಟ್ಟುಗೂಡಿಸಿ, ಹೋಲಿಸಿ, ಮಹಾಭಾರತದ ಶುದ್ಧ ಪಾಠವನ್ನು ಸಿದ್ಧಪಡಿಸಿದವರು ಅವರು. ೧೯೧೯ರಲ್ಲಿ ಆರಂಭವಾದ ಕೆಲಸ ೧೯೬೬ರಲ್ಲಿ ಮುಗಿಯಿತು. ಅಲ್ಲಿಗೆ ಬರುವ ವಿದ್ವಾಂಸರು ಇಳಿದುಕೊಳ್ಳಲು ಒಂದು ಅತಿಥಿಗೃಹವಿದೆ. ಅದರ ಹೆಸರು ನಿಜಾಮ್ ಗೆಸ್ಟ್ ಹೌಸ್. ಹೈದರಾಬಾದಿನ ನಿಜಾಮರಾಗಿದ್ದ ಮೀರ್ ಉಸ್ಮಾನ್ ಅಲಿಖಾನರು ಮಹಾಭಾರತದ ಕೆಲಸಕ್ಕೂ ಈ ಮನೆಗೂ ದ್ರವ್ಯ ಸಹಾಯ ಮಾಡಿದರು. ವ್ಯಾಸರ ಪಾಠಾಂತರಗಳನ್ನು ನೋಡಿ ದಣಿದ ಪಂಡಿತರು ನಿಜಾಮರ ಹೆಸರಿನ ಸೂರಿನಡಿಯಲ್ಲಿ ಮಲಗುತ್ತಿದ್ದರು ಎಂಬುದು ನಮ್ಮ ದೇಶದ ಬಗೆಗೆ ನನಗೆ ಪ್ರಿಯವಾದ ಸಂಗತಿಗಳಲ್ಲಿ ಒಂದು.

ಆ ಊರಿನಲ್ಲಿ ಒಂದು ಸಂಜೆ ಮುಂಗುಸಿಯ ಕಥೆ ಮತ್ತೆ ನೆನಪಾಯಿತು. ಓದುಗರಿಗೆ ಗೊತ್ತಿರುವುದೇ. ಧರ್ಮರಾಯನ ಅಶ್ವಮೇಧ ಮುಗಿದಿದೆ. ದಾನ ಪಡೆದವರು ಹೊಗಳುತ್ತಿದ್ದಾರೆ. ಅರ್ಧ ಮೈ ಬಂಗಾರವಾಗಿದ್ದ ಒಂದು ಮುಂಗುಸಿ ಬಂದು, ಇದೇನು ದೊಡ್ಡ ಯಾಗ ಎನ್ನುತ್ತದೆ. ಕುರುಕ್ಷೇತ್ರದಲ್ಲಿ ಬರಗಾಲದ ದಿನ, ಕಾಳು ಆಯ್ದು ಬದುಕುತ್ತಿದ್ದ ಬಡ ಬ್ರಾಹ್ಮಣನೊಬ್ಬ, ಅವನ ಹೆಂಡತಿ, ಮಗ, ಸೊಸೆ, ಬಂದ ಅತಿಥಿಗೆ ತಂತಮ್ಮ ಪಾಲಿನ ಹಿಟ್ಟನ್ನು ಒಬ್ಬರಾದ ಮೇಲೊಬ್ಬರು ಕೊಟ್ಟುಬಿಟ್ಟರು. ಆ ಹಿಟ್ಟಿನ ಕಣಗಳಲ್ಲಿ ಹೊರಳಿ ಮುಂಗುಸಿಯ ಅರ್ಧ ಮೈ ಬಂಗಾರವಾಯಿತು. ಉಳಿದರ್ಧಕ್ಕಾಗಿ ಅದು ಯಾಗದಿಂದ ಯಾಗಕ್ಕೆ ಹೋಗಿ ಹೊರಳುತ್ತಿದೆ. ಎಲ್ಲಿಯೂ ಒಂದು ರೋಮವೂ ಬಂಗಾರವಾಗಲಿಲ್ಲ.

ನಾನೂ ಆ ಮುಂಗುಸಿಯೇ ಎಂದು ಆಗ ಅನ್ನಿಸಿತು. ಸಿಮ್ಲಾದಿಂದ ಹಂಪಿಯವರೆಗೆ ಎಷ್ಟೊಂದು ಹಾಸಿಗೆಗಳಲ್ಲಿ ಹೊರಳಿದ್ದೇನೆ! ಎಲ್ಲ ಕಡೆ ಸುಖವಾಗಿತ್ತು. ಆದರೆ ಎಲ್ಲ ಕಡೆಯೂ ನನಗಾಗಿ ಯಾರೂ ಏನನ್ನೂ ಕಳೆದುಕೊಂಡಿರಲಿಲ್ಲ. ಖೋಲಿ ಇತ್ತು, ಕೊಟ್ಟರು. ನಾನು ಹೋಗದಿದ್ದರೂ ಅದು ಅಲ್ಲಿಯೇ ಇರುತ್ತಿತ್ತು.

ನನ್ನ ಅರ್ಧ ಮೈ ಬಂಗಾರವಾದದ್ದು ಬೇರೆ ಕಡೆ: ನವಲಗುಂದದಲ್ಲಿ, ೧೯೬೬ರ ಬೇಸಿಗೆಯಲ್ಲಿ.

ಆ ವರ್ಷ ನನ್ನ ಎಸ್.ಎಸ್.ಎಲ್.ಸಿ. ಪರೀಕ್ಷೆ. ಕೇಂದ್ರ ನವಲಗುಂದ. ಅಪ್ಪ ನನ್ನನ್ನು ಕರೆದುಕೊಂಡು ಬಸ್ಸಿನಿಂದ ಇಳಿದಾಗ ಸಂಜೆಯಾಗಿತ್ತು. ಒಂದು ಬಗಲಲ್ಲಿ ಪುಸ್ತಕದ ಚೀಲ, ಇನ್ನೊಂದು ಬಗಲಲ್ಲಿ ಎಂಟು ದಿನಕ್ಕಾಗುವಷ್ಟು ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಇಳಿದುಕೊಳ್ಳಲು ಗೊತ್ತುಮಾಡಿದ್ದ ಮನೆಯಲ್ಲಿ ಯಾರೋ ತೀರಿಕೊಂಡು ಬಾಗಿಲು ಹಾಕಿತ್ತು. ಐ.ಬಿ.ಯಲ್ಲಿ ಖೋಲಿ ಕೇಳುವ ಮೋರೆ ನಮ್ಮದಲ್ಲ. ಅಪ್ಪ ಅಗಸೆಯ ಕಟ್ಟೆಯ ಮೇಲೆ ಕುಳಿತು ತಲೆ ಕೆರೆದುಕೊಳ್ಳುತ್ತಿದ್ದ. ಸೈಕಲ್ ದೂಡಿಕೊಂಡು ಹೋಗುತ್ತಿದ್ದವನೊಬ್ಬ ನಿಂತ.

“ಯಾವ ಊರ್ರಿ ಯಜಮಾನ್ರ? ಹುಡುಗಂದು ಪರೀಕ್ಷೇನ್ರಿ?”

ಅಪ್ಪ ಎಲ್ಲ ಹೇಳಿದ. ಅವನು ನನ್ನ ಪುಸ್ತಕದ ಚೀಲವನ್ನು ತೆಗೆದು ತನ್ನ ಸೈಕಲ್ಲಿಗೆ ನೇತುಹಾಕಿದ. ಅಷ್ಟೇ ಮಾತುಕತೆ. ಅವನ ಮನೆ ಜಮಖಾನೆ ನೇಯುವವರ ಓಣಿಯಲ್ಲಿ. ನವಲಗುಂದದ ಜಮಖಾನೆಯನ್ನು ನೀವು ನೋಡಿರಬಹುದು. ಕೆಂಪು, ಹಳದಿ, ಹಸಿರು ನೂಲಿನಲ್ಲಿ ನವಿಲುಗಳನ್ನು ಹೆಣೆದಿರುತ್ತಾರೆ. ಅದನ್ನು ನೇಯುವವರು ಹೆಂಗಸರು, ಮುಸಲ್ಮಾನರ ಮನೆಯವರು. ಗೋಡೆಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ನೂಲು ತೂರಿಸಿ, ‘ಪಂಜಾ’ ಎಂಬ ಕಬ್ಬಿಣದ ಹಲ್ಲುಗಳ ಹಣಿಗೆಯಿಂದ ಕೆಳಕ್ಕೆ ಬಡಿಯುತ್ತಾರೆ. ಧಪ್, ಧಪ್ ಎಂದು ಓಣಿಯೆಲ್ಲ ಸದ್ದು. ಆ ಮನೆಯಲ್ಲಿ ನೇಯುತ್ತಿದ್ದವಳು ಅವನ ತಾಯಿ. ಓಣಿಯವರೆಲ್ಲ ಅವಳನ್ನು ಚಾಚಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಅಪ್ಪ ಸಂಕೋಚದಿಂದ, “ಖರ್ಚಿಗೆ ಏನ್ ಕೊಡಬೇಕ್ರಿ?” ಎಂದ.

ಚಾಚಿ ನಕ್ಕಳು. “ಪಾಸಾಗಿ ಬಂದು ಹೇಳ್ಲಿ, ಸಾಕ್ರಿ. ರೊಟ್ಟಿ ನಿಮ್ಮವು ಅದಾವು, ಮಜ್ಜಿಗಿ ಬಾಜೂ ಗೌಡ್ರ ಮನ್ಯಾಗಿಂದ ಇಸಗೊಂಡು ಬರತೀನಿ. ನಮ್ಮ ಮನೀದು ಬರೇ ದೀಪ ಮತ್ತ ನೆಳ್ಳು.”

ಎಂಟು ದಿನ ಅಲ್ಲಿದ್ದೆ. ನಸುಕಿನಲ್ಲಿ ಅವಳೇ ಎಬ್ಬಿಸುತ್ತಿದ್ದಳು. ಕಂದೀಲು ಹಚ್ಚಿಟ್ಟು ಹೋಗುತ್ತಿದ್ದಳು. ಮನೆ ನಿಶ್ಶಬ್ದವಾಗಿರುತ್ತಿತ್ತು. ಹತ್ತು ಗಂಟೆಗೆ ನಾನು ಪರೀಕ್ಷೆಗೆ ಹೊರಡುವವರೆಗೆ ಓದಿದ್ದೇ ಓದಿದ್ದು. ಇಷ್ಟು ಶಾಂತವಾದ ಮನೆ ಎಂದು ನಾನು ಹಿಗ್ಗಿದೆ. ಕೊನೆಯ ದಿನದ ಪರೀಕ್ಷೆ ಮುಗಿಯಿತು. ಮರುದಿನ ಊರಿಗೆ ಹೊರಡಬೇಕು. ಆ ನಸುಕಿನಲ್ಲಿ ನನ್ನನ್ನು ಎಬ್ಬಿಸಿದ್ದು ಚಾಚಿಯಲ್ಲ, ಮಗ್ಗದ ಸದ್ದು. ಧಪ್, ಧಪ್, ಧಪ್. ಹೊರಗೆ ಇನ್ನೂ ಕತ್ತಲೆ. ಆಗ ನನಗೆ ತಿಳಿಯಿತು: ಅವಳು ದಿನಾಲೂ ನೇಯಲು ಕೂರುತ್ತಿದ್ದ ವೇಳೆ ಅದು. ಎಂಟು ದಿನ, ಪ್ರತಿದಿನ ನಾಲ್ಕೈದು ತಾಸು, ಅವಳು ಪಂಜಾ ಮುಟ್ಟಿರಲಿಲ್ಲ. ಗಜಕ್ಕಿಷ್ಟು ಎಂದು ಕೂಲಿ ಸಿಗುವ ಕೆಲಸ ಅದು. ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಪಾಸಾದೆ. ಹೇಳಲಿಕ್ಕೆ ಹೋಗಲಿಲ್ಲ. ಕಾಲೇಜು, ಎಂ.ಎ., ನೌಕರಿ ಎಂದು ವರ್ಷಗಳು ಹೋದವು. ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು.

ಅಂದಿನಿಂದ ನನ್ನ ಕೋಲು ಇದು: ನಾನು ಬಂದೆನೆಂದು ಈ ಮನೆಯಲ್ಲಿ ಏನು ನಿಂತಿತು? ಕೋಲು ಕೈಯಲ್ಲಿತ್ತು, ಆದರೆ ಅದನ್ನು ಬೇರೆಯವರನ್ನು ಅಳೆಯುವುದಕ್ಕೆ ಇಟ್ಟುಕೊಂಡಿದ್ದೆ. ನನ್ನನ್ನು ಅಳೆಯುವ ಪ್ರಸಂಗವೂ ಒಂದು ಬಂತು.

ನೌಕರಿಯ ಕಡೆಯ ವರ್ಷಗಳಲ್ಲಿ ನಾನೊಂದು ಸಂಸ್ಥೆಯ ಅತಿಥಿಗೃಹ ಸಮಿತಿಯ ಅಧ್ಯಕ್ಷನಾದೆ. ಸಂಸ್ಥೆಯ ಹೆಸರು ಬೇಡ. ತಪ್ಪು ಅದರದಲ್ಲ, ನನ್ನದು. ನನಗಿಂತ ಮೊದಲು ಅಲ್ಲಿ ಶಿಸ್ತಿರಲಿಲ್ಲ. ಯಾರ ಷಡ್ಡಕನೋ, ಯಾರ ಬೀಗರೋ ಬಂದು ವಾರಗಟ್ಟಲೆ ಇರುತ್ತಿದ್ದರು. ನಾನು ಬಂದವನೇ ನಿಯಮಗಳನ್ನು ಬರೆದೆ. ಪತ್ರವಿಲ್ಲದವರಿಗೆ ಖೋಲಿಯಿಲ್ಲ. ರಾತ್ರಿ ಹತ್ತರ ಮೇಲೆ ಯಾರಿಗೂ ಪ್ರವೇಶವಿಲ್ಲ. ಅದನ್ನು ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿ, ಪಡಸಾಲೆಯಲ್ಲಿ ತೂಗುಹಾಕಿದೆ. ಸರಸ್ವತಿಯ ಪಟದ ಪಕ್ಕದಲ್ಲಿಯೇ ಜಾಗ ಸಿಕ್ಕಿತು.

ಆಷಾಢದ ಒಂದು ರಾತ್ರಿ. ಮಳೆ ಹಿಡಿದಿತ್ತು. ಹತ್ತೂವರೆಗೆ ಮನೆಯ ಟೆಲಿಫೋನು ಬಡಿಯಿತು. ಅತಿಥಿಗೃಹದ ವಾಚಮನ್ನ. ಕಲಘಟಗಿ ಕಡೆಯ ಮನುಷ್ಯ, ಮಾತು ಕಡಿಮೆ.

“ಸಾಹೇಬ್ರ, ಒಬ್ಬ ಮುದುಕಪ್ಪ ಬಂದಾನ್ರಿ, ನವಲಗುಂದ ಕಡೆಯಾಂವ. ಸಂಗಾಟ ಮೊಮ್ಮಗಳು ಅದಾಳ. ನಾಳೆ ಮುಂಜಾನೆ ಆಕೀದು ಇಂಟರ್‌ವ್ಯೂ ಐತಂತ. ಹುಬ್ಬಳ್ಳ್ಯಾಗ ಬಸ್ಸು ಕೆಟ್ಟು ಹೊತ್ತಾಗೇತ್ರಿ. ಇಬ್ರೂ ತೊಯ್ದಾರ.”

“ಪತ್ರ ಐತೇನು?”

“ಇಲ್ಲಂತ್ರಿ.”

“ಪತ್ರ ಇಲ್ಲಂದ್ರ ಖೋಲಿ ಇಲ್ಲ. ನಿಯಮ ನಿನಗ ಗೊತ್ತಿಲ್ಲೇನು?”

“ಗೊತ್ತೈತ್ರಿ,” ಎಂದು ಅವನು ಟೆಲಿಫೋನು ಇಟ್ಟ.

ಅತಿಥಿಗೃಹದಲ್ಲಿ ಇದ್ದದ್ದು ಹನ್ನೆರಡು ಖೋಲಿ. ಆ ರಾತ್ರಿ ಏಳು ಖಾಲಿ ಇದ್ದವು. ನಾನು ದೀಪ ಆರಿಸಿ ಮಲಗಿದೆ. ಚೆನ್ನಾಗಿ ನಿದ್ದೆ ಬಂತು. ಇದನ್ನು ಬಚ್ಚಿಟ್ಟರೆ ಈ ಪ್ರಬಂಧ ಬರೆದು ಪ್ರಯೋಜನವಿಲ್ಲ.

ಬೆಳಗ್ಗೆ ಮಳೆ ಬಿಟ್ಟಿತ್ತು. ಅಡ್ಡಾಡುತ್ತ ಆ ಕಡೆ ಹೋದೆ. ವಾಚಮನ್ನನ ಒಂದು ಖೋಲಿಯ ಮನೆಯ ಮುಂದೆ ತಂತಿಯ ಮೇಲೆ ಒಂದು ಜಮಖಾನೆ ಒಣಗುತ್ತಿತ್ತು. ಕೆಂಪು ಬಣ್ಣ, ಅಂಚಿಗೆ ನವಿಲುಗಳು. ನೋಡುತ್ತ ನಿಂತೆ. ಒಳಗಿನಿಂದ ಅವನು ಬಂದ.

“ರಾತ್ರಿ ಅವರು ಎಲ್ಲಿ ಹೋದ್ರಪಾ?”

“ನಮ್ಮ ಮನ್ಯಾಗ ಮಲಗಿದ್ರಲ್ಲರಿ. ಲಗ್ನದಾಗ ಬಂದ ಜಮಖಾನಿ ಇತ್ತು, ಹಾಸಿಕೊಟ್ಟೆ. ಮನ್ಯಾಗಿನ ಮಂದಿ ಒಲೀ ಕಡೆ ಸರದ್ರು.”

“ನೀ ಎಲ್ಲಿ ಮಲಗಿದಿ?”

“ನಾ ಡ್ಯೂಟಿ ಮ್ಯಾಲೆ ಇದ್ನೆಲ್ಲರಿ ಸಾಹೇಬ್ರ. ಮಲಗೂದು ಎಲ್ಲಿ ಬಂತು?” ಎಂದು ನಕ್ಕ.

ಅವನ ನಗೆಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹುಡುಗಿಗೆ ಸೀಟು ಸಿಕ್ಕಿತು. ಅದೂ ನನಗೆ ತಿಳಿದದ್ದು ಅವನಿಂದಲೇ. ಎರಡು ತಿಂಗಳಾದ ಮೇಲೆ ಒಂದು ದಿನ ಅವನು ನಮ್ಮ ಮನೆಯ ಬಾಗಿಲಿಗೆ ಬಂದು ಒಂದು ಅರಿವೆಯ ಗಂಟು ಇಟ್ಟ. ಹೊಸ ಹೆಸರುಕಾಳು.

“ಆ ಮುದುಕಪ್ಪ ತಂದಿದ್ದ್ರಿ. ಅರ್ಧ ನನಗ, ಅರ್ಧ ನಿಮಗ ಕೊಡು ಅಂದಾನ.”

“ನನಗ್ಯಾಕೊ?” ಎಂದೆ.

ಅವನು ಸ್ವಲ್ಪ ಹೊತ್ತು ನೆಲ ನೋಡಿದ. “ಅಲ್ಲರಿ, ಆವತ್ತ ರಾತ್ರಿ ಆ ಮುದುಕಪ್ಪಗ ಏನ ಹೇಳ್ಬೇಕ್ರಿ? ಖೋಲಿ ತುಂಬ್ಯಾವು, ನಿನ್ನ ಮನ್ಯಾಗ ಇರಿಸ್ಕೊ ಅಂತ ನಮ್ಮ ಸಾಹೇಬ್ರೇ ಹೇಳ್ಯಾರ ಅಂದಿದ್ನಿ. ಹಿರೇ ಮನಷ್ಯಾ, ಮನಸಿಗೆ ಹಚ್ಚಿಕೊಂಡಾನು ಅಂತ.”

ಅವನು ತನ್ನ ಹಾಸಿಗೆಯನ್ನು ಕೊಟ್ಟದ್ದು ಒಂದು. ಕೊಟ್ಟ ಪುಣ್ಯವನ್ನೂ ನನ್ನ ಹೆಸರಿಗೆ ಜಮಾ ಮಾಡಿದ್ದು ಇನ್ನೊಂದು. ಆ ಹೆಸರುಕಾಳನ್ನು ಮನೆಯಲ್ಲಿ ಪಲ್ಯ ಮಾಡಿದರು. ಎಲ್ಲರೂ ಉಂಡರು. ನನ್ನ ಗಂಟಲಲ್ಲಿ ಅದು ಇಳಿಯಲಿಲ್ಲ. ಬಳ್ಳಿಗಾವೆಯ ಶಾಸನವನ್ನು ಆ ವರ್ಷ ನಾನು ಪಾಠ ಹೇಳಲಿಲ್ಲ, ಬೇರೊಬ್ಬರಿಗೆ ಬಿಟ್ಟುಕೊಟ್ಟೆ.

ಮುಂದಿನ ಸಮಿತಿಯ ಸಭೆಯಲ್ಲಿ ಒಂದು ಠರಾವು ತಂದೆ: ಹನ್ನೆರಡರಲ್ಲಿ ಒಂದು ಖೋಲಿಯನ್ನು ಪತ್ರವಿಲ್ಲದೆ ಬಂದವರಿಗಾಗಿ ಕಾದಿರಿಸಬೇಕು. ಸಭೆ ನನ್ನನ್ನು ಕರುಣೆಯಿಂದ ನೋಡಿತು. ಅದರ ಬಾಡಿಗೆಯನ್ನು ಯಾವ ಶೀರ್ಷಿಕೆಯಲ್ಲಿ ತೋರಿಸುವುದು ಎಂದರು ಲೆಕ್ಕದವರು. ಬಂದವನು ಕಳ್ಳನಾಗಿದ್ದರೆ ಜವಾಬ್ದಾರರು ಯಾರು ಎಂದರು ಇನ್ನೊಬ್ಬರು. ಪತ್ರವಿಲ್ಲದವರಿಗೆ ಖೋಲಿ ಕೊಡಲು ಯಾರ ಪತ್ರ ಬೇಕು ಎಂದು ಮೂರನೆಯವರು ಕೇಳಿದರು. ಅವರು ತರ್ಕಶಾಸ್ತ್ರದ ಪ್ರಾಧ್ಯಾಪಕರು. ಎಲ್ಲ ಪ್ರಶ್ನೆಗಳೂ ನ್ಯಾಯವಾದವು. ನಿಯಮಗಳನ್ನು ಬರೆದಾಗ ನಾನೇ ಇವನ್ನು ಕೇಳಿದ್ದೆ. ಠರಾವನ್ನು ಮುಂದಿನ ಸಭೆಗೆ ಇಡಲಾಯಿತು. ಮುಂದಿನ ಸಭೆಯಲ್ಲಿ ಅದರ ಮುಂದಿನ ಸಭೆಗೆ.

ಪರಿಹಾರ ಹೇಳಿದವನು ವಾಚಮನ್ನನೇ. ಒಂದು ಸಂಜೆ ನಾನು ಸುಮ್ಮನೆ 'ಹಿಂಗಾತು ನೋಡಪಾ' ಎಂದು ಹೇಳಿಕೊಂಡಾಗ ಅವನು ಕೆಮ್ಮಿದ.

“ಒಂಬತ್ತನೇ ಖೋಲಿಯಾಗ ನಳ ಸೋರತೈತ್ರಿ.”

“ರಿಪೇರಿ ಮಾಡಿಸೋಣ.”

“ಮಾಡಸ್ಬ್ಯಾಡ್ರಿ. ದುರಸ್ತಿಯಾಗೈತಿ ಅಂತ ಬರೀರಿ. ದುರಸ್ತಿಯಾಗಿದ್ದ ಖೋಲಿ ಯಾರಿಗೂ ಕೊಡೂಹಂಗಿಲ್ಲ. ಬಾಡಗಿ ಲೆಕ್ಕದಾಗ ಬರೂದಿಲ್ಲ. ನಳ ಸೋರಿದ್ರ ಬುಡಕ ಒಂದು ಬಕೀಟು ಇಟ್ರ ಆತು.”

ಮೂವತ್ತು ವರ್ಷ ಕಾಗದಪತ್ರಗಳ ನಡುವೆ ಬಾಳಿದ ನನಗೆ ಹೊಳೆಯದ ಮಾತು ಅದು. ಮರುದಿನ ಪುಸ್ತಕದಲ್ಲಿ ಬರೆದು ರುಜು ಹಾಕಿದೆ: ‘ಖೋಲಿ ೯, ದುರಸ್ತಿಯಲ್ಲಿದೆ.’

ನಾನು ನಿವೃತ್ತನಾಗುವವರೆಗೆ, ಎಂಟು ವರ್ಷ, ಅದು ದುರಸ್ತಿಯಲ್ಲಿಯೇ ಇತ್ತು. ಎಂಜಿನಿಯರರು ನಾಲ್ಕು ಸಲ ಅಂದಾಜು ಪಟ್ಟಿ ಕಳಿಸಿದರು. ನಾಲ್ಕು ಸಲವೂ ‘ಪರಿಶೀಲಿಸಿ’ ಎಂದು ಬರೆದು ಹಿಂದಕ್ಕೆ ಕಳಿಸಿದೆ. ಹೊಸದಾಗಿ ಬಂದ ಒಬ್ಬ ಉತ್ಸಾಹಿ ಗುಮಾಸ್ತ ತನ್ನ ಕೈಯಿಂದ ಹಣ ಹಾಕಿ ನಳ ಸರಿಮಾಡಿಸಿಬಿಟ್ಟ. ಎರಡೇ ದಿನದಲ್ಲಿ ಅದು ಮತ್ತೆ ಸೋರತೊಡಗಿತು. ಹೇಗೆಂದು ನಾನು ವಿಚಾರಿಸಲಿಲ್ಲ. ಆ ಖೋಲಿಯಲ್ಲಿ ಯಾರು ಯಾರು ಮಲಗಿದರೆಂದೂ ನನಗೆ ಪೂರ್ತಿ ಗೊತ್ತಿಲ್ಲ. ಅಲ್ಲಿ ಪುಸ್ತಕವಿರಲಿಲ್ಲ. ಮಗಳ ಹಾಸ್ಟೆಲಿಗೆ ಜೋಳದ ಚೀಲ ತಂದು ಕೊನೆಯ ಬಸ್ಸು ತಪ್ಪಿದ ತಾಯಿ. ಕಲಘಟಗಿಯಿಂದ ತೊಟ್ಟಿಲು ಹೊತ್ತು ತಂದು, ಕೊಳ್ಳಬೇಕಾದವರ ಮನೆ ಸಿಗದೆ ಅಲೆದ ಬಡಿಗ. ಆಸ್ಪತ್ರೆಯಲ್ಲಿ ಗಂಡನನ್ನು ಬಿಟ್ಟು ಬಂದ ಒಬ್ಬ ಹೆಣ್ಣುಮಗಳು. ಇಂಥ ಕೆಲವರ ಸುದ್ದಿ ಅವನ ಬಾಯಿಂದ ಆಗಾಗ ಬರುತ್ತಿತ್ತು. ಒಂದು ಟವೆಲು ಕೂಡ ಕಳುವಾಗಲಿಲ್ಲ. ಪತ್ರವಿದ್ದವರ ಖೋಲಿಗಳಿಂದ ಆ ಎಂಟು ವರ್ಷಗಳಲ್ಲಿ ಹದಿನೇಳು ಟವೆಲು ಹೋದವು. ಅದರ ಲೆಕ್ಕ ಮಾತ್ರ ನಮ್ಮಲ್ಲಿ ಬರೋಬ್ಬರಿ ಇದೆ.

ಅದು ಸುಳ್ಳು ಲೆಕ್ಕವೇ? ಹೌದು. ಖಾಲಿ ಇದ್ದ ಖೋಲಿಯನ್ನು ಕೆಟ್ಟಿದೆ ಎಂದು ಬರೆದದ್ದು ಸುಳ್ಳೇ. ಅದಕ್ಕೆ ನಾನು ಸಮರ್ಥನೆ ಕೊಡುವುದಿಲ್ಲ. ಆದರೆ ಏಳು ಖೋಲಿ ಖಾಲಿ ಇಟ್ಟುಕೊಂಡು ತೊಯ್ದವರನ್ನು ಹೊರಗೆ ನಿಲ್ಲಿಸಿದ ರಾತ್ರಿ ನನ್ನ ಲೆಕ್ಕ ಒಂದು ಪೈಯೂ ತಪ್ಪಿರಲಿಲ್ಲ ಎಂಬುದು ನೆನಪಿದೆ.

ಈಗ ಎಲ್ಲ ಕಡೆ ಕಾಲ ಮುಂದೆ ಹೋಗಿದೆ. ಖೋಲಿ ಬೇಕಾದರೆ ಕಂಪ್ಯೂಟರಿನಲ್ಲಿ ಕೇಳಬೇಕು. ಖಾಲಿ ಇದ್ದರೆ ಹಸಿರು, ತುಂಬಿದ್ದರೆ ಕೆಂಪು. ಕಟ್ಟಿಗೆಯ ತುಂಡಿನ ಬದಲು ಒಂದು ಕಾರ್ಡು ಕೊಡುತ್ತಾರೆ. ಅದನ್ನು ಬಾಗಿಲಿಗೆ ಮುಟ್ಟಿಸಿದರೆ ತೆರೆಯುತ್ತದೆ. ಒಳ್ಳೆಯದೇ. ಮೊನ್ನೆ ಮೊಮ್ಮಗನನ್ನು ಕೂರಿಸಿಕೊಂಡು ನಮ್ಮ ಹಳೆಯ ಸಂಸ್ಥೆಯ ಅತಿಥಿಗೃಹದ ಪುಟವನ್ನು ತೆರೆಸಿ ನೋಡಿದೆ. ಹಸಿರು ಮನೆಗಳು ಕೆಲವು, ಕೆಂಪು ಮನೆಗಳು ಕೆಲವು. ಒಂಬತ್ತನೆಯದು ಮಾತ್ರ ಹಸಿರೂ ಅಲ್ಲ, ಕೆಂಪೂ ಅಲ್ಲ, ಬೂದು ಬಣ್ಣ.

“ಹಂಗಂದ್ರೇನೋ?” ಎಂದೆ.

“ಅದು ಸಿಗಂಗಿಲ್ಲ ಅಜ್ಜಾ,” ಎಂದ ಅವನು. “ರಿಪೇರಿ ಇರಬೇಕು.”

ವಾಚಮನ್ನ ನಿವೃತ್ತನಾಗಿ ಊರು ಸೇರಿ ಎಷ್ಟೋ ವರ್ಷಗಳಾದವು. ಈಗ ಅಲ್ಲಿ ಯಾರಿದ್ದಾರೋ ತಿಳಿಯದು. ನಳ ನಿಜವಾಗಿಯೇ ಕೆಟ್ಟಿರಲೂಬಹುದು. ನಾನು ಯಾರಿಗೂ ಟೆಲಿಫೋನು ಮಾಡಿ ಕೇಳಲು ಹೋಗಲಿಲ್ಲ. ಆ ರಾತ್ರಿ ಮಾತ್ರ, ಮನೆಯ ಹಾಸಿಗೆಯಲ್ಲಿಯೇ, ನನಗೆ ಒಳ್ಳೆಯ ನಿದ್ದೆ ಬಂತು.